ನಾಲ್ಕನೆಯ ಗಾಲಿ

ಮೂರು ಗಾಲಿ ಹಾಲುಹಲ್ಲಿನ ಹಾಗೆ ಕೈಗೆ ಬಂದವು.
ನಾಲ್ಕನೆಯದು, ಮುಂದಿನ ಎಡಗಡೆಯದು,
ಜಪ್ಪಯ್ಯ ಅಂದರೂ ಜಗ್ಗಲಿಲ್ಲ.
ನಟ್ಟುಗಳೆಲ್ಲ ಬಿಚ್ಚಿ ಡಬ್ಬಿಯ ಮುಚ್ಚಳದಲ್ಲಿ ಮಲಗಿವೆ.
ಹಿಡಿದಿಡುವಂಥದ್ದು ಈಗ ಏನೂ ಇಲ್ಲ,
ಆದರೂ ಬಿಡುತ್ತಿಲ್ಲ.

ಹೀಯುಮಾ ದ್ವೀಪ. ಮಾರ್ಚ್ ತಿಂಗಳ ಕೊನೆ.
ಬಂದರಿನ ಹಿಂದಿನ ಶೆಡ್ಡಿನಲ್ಲಿ
ಮಂಡಿಯೂರಿದ್ದಾಳೆ ವಿರ್ವೆ, ತನ್ನ ಅಂಚೆ ವ್ಯಾನಿನೆದುರು.
ವ್ಯಾನಿಗೆ ಇಪ್ಪತ್ತೊಂಬತ್ತು,
ಅವಳಿಗೆ ಅದರ ಎರಡರಷ್ಟು, ಒಂದು ಕಮ್ಮಿ.

ಚಳಿ ಗಟ್ಟಿಯಾಗಿ ಕೂತ ವರ್ಷ ಇಲ್ಲಿ ಸಮುದ್ರದ ಮೇಲೇ ರಸ್ತೆ.
ಜುನಿಪರ್ ಕೊಂಬೆ ನೆಟ್ಟು ದಾರಿ ತೋರಿಸುತ್ತಾರೆ.
ಸೀಟುಬೆಲ್ಟು ಕಟ್ಟಬಾರದು;
ಮುಳುಗಿದರೆ ಬಾಗಿಲು ತೆಗೆದು ಹಾರಬೇಕಲ್ಲ.
ಏಳು ಚಳಿಗಾಲ ಹಾಗೆ ದಾಟಿದ್ದಾಳೆ,
ಪಿಂಚಣಿಯ ಕಾಗದ, ಔಷಧಿಯ ಪೊಟ್ಟಣ,
ಒಮ್ಮೆ ಯಾರದೋ ಅಕಾರ್ಡಿಯನ್ನು.
ಅಡಿಯಲ್ಲಿ ಉಪ್ಪು, ಗಾಳಿಯಲ್ಲಿ ಉಪ್ಪು,
ಊರೊಳಗೆ ಲಾರಿಯವರು ಎರಚಿದ್ದೂ ಉಪ್ಪು.
ಉಪ್ಪುಂಡ ಮನೆಗೆ ಎರಡು ಬಗೆಯಬೇಡ ಅನ್ನುತ್ತೇವೆ ನಾವು.
ಇಲ್ಲಿ ಉಣ್ಣುವುದು ಉಪ್ಪೇ.

ಬಣ್ಣದಡಿ ಗುಳ್ಳೆಯೆದ್ದು, ಒಡೆದು,
ಹಕ್ಕಳೆಗಟ್ಟಿ,
ಉಗುರು ತಾಗಿದರೆ ಪದರು ಪದರು.
ಹಿತ್ತಾಳೆಯ ಕಿಲುಬಾದರೆ ಹುಣಸೆಹಣ್ಣಿಗೆ ಹೋದೀತು.
ಕಬ್ಬಿಣದ ತುಕ್ಕು ಮೈಮೇಲಿನ ಕೊಳೆಯಲ್ಲ,
ಮೈಯೇ.

ಸೀಮೆಎಣ್ಣೆ ಹನಿಸಿ ಕಾದಳು. ಮರದ ತುಂಡಿಟ್ಟು ಬಡಿದಳು.
ಬೆನ್ನು ಕೊಟ್ಟು ಕೂತು ಎರಡೂ ಕಾಲಲ್ಲಿ ಒದ್ದಳು.
ಬೈದಳು. ಆಮೇಲೆ
ಯಾರೂ ಕೇಳಲಿಲ್ಲವಲ್ಲ ಎಂದು ಬಾಗಿಲ ಕಡೆ ನೋಡಿದಳು.
ವರ್ಷವಿಡೀ ಒಂದೇ ಟೈರು ಓಡಿಸಿ ದುಡ್ಡು ಉಳಿಸಿದ್ದಳು;
ನಾಲ್ಕು ವರ್ಷ ಬಿಚ್ಚದೆ ಗಾಲಿಯೂ ಉಳಿದಿತ್ತು.

ಕೊನೆಗೆ ಫೋನು ಮಾಡಿದ್ದು ತುರ್ಕುವಿಗೆ, ಟೈವೋಗೆ,
ಆಚೆ ದಡದ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿರುವವನಿಗೆ.
ಹೇಗಿದ್ದೀಯ ಅನ್ನಲಿಲ್ಲ ಇಬ್ಬರೂ.
"ಮುಂದಿನ ಎಡಗಡೆಯದಾ?" ಕೇಳಿದ.
"ಮೂರಕ್ಕೆ ಕೀಲೆಣ್ಣೆ ಹಚ್ಚಿದ್ದೆ."
ಹಿಂದೆ ಯಾವುದೋ ಯಂತ್ರ ಕೊರೆಯುತ್ತಿತ್ತು.
"ನಾಲ್ಕನೆಯದಕ್ಕೆ ಕೂರುವಾಗ ನೀನು ಊಟಕ್ಕೆ ಕರೆದೆ."

ಬಟಾಣಿಯ ಸಾರು. ನೆನಪಿದೆ.
ಅರ್ಧ ಬಟ್ಟಲು ಉಂಡು, ಚಮಚ ಕೆಳಗಿಟ್ಟು
ಹೋಗುತ್ತೇನೆ ಎಂದಿದ್ದ.
ಸಾರು ಆರುತ್ತದೆ ಬಾ ಎಂದು ಕೂಗಿದ್ದು ಅವಳೇ.

"ನಾಲ್ಕನ್ನೂ ಮತ್ತೆ ಹಾಕು. ಮೂರು ಬಿಗಿ ಮಾಡು.
ಅದೊಂದರ ನಟ್ಟು ಎರಡು ಸುತ್ತು ಸಡಿಲ ಬಿಟ್ಟು
ಅಂಗಳದಲ್ಲೇ ನಿಧಾನ ಓಡಿಸು, ಎಡಕ್ಕೆ, ಬಲಕ್ಕೆ.
ಬಡಿಯಬೇಡ. ಅದರ ಭಾರವೇ ಬಿಡಿಸುತ್ತದೆ."

ಬಂದರಿನಂಗಳದಲ್ಲಿ ಎಂಟು ಬರೆದಳು.
ನಮ್ಮ ೮ ಅಲ್ಲ, ಅದರ ತುದಿಗಳು ಕೂಡುವುದೇ ಇಲ್ಲ;
ಅವರ ಎಂಟು,
ತಾನು ಬಂದ ದಾರಿಯನ್ನೇ ನಡುವೆ ದಾಟುವಂಥದ್ದು.
ಮೂರನೆಯ ಸಲಕ್ಕೆ
ಟಕ್!
ಕಾಲು ಬ್ರೇಕಿಗೆ, ಕೈ ಬಾಗಿಲ ಹಿಡಿಗೆ ತಾವಾಗಿ ಹೋದವು.
ಹಿಮ ಬಿರಿಯುವ ಸದ್ದೂ ಹೀಗೇ.
ಕೆಳಗೆ ಬರೀ ಕಾಂಕ್ರೀಟು, ಮೀನಿನ ಪೊರೆ.

ಗಾಲಿ ಬಂತು.
ಬಂದ ಗಾಲಿಯ ಅಂಚನ್ನು ಸ್ಕ್ರೂಡ್ರೈವರಿನಲ್ಲಿ ಒತ್ತಿ ನೋಡಿದರೆ
ಬೆಣ್ಣೆಗಿಳಿದ ಹಾಗೆ ಇಳಿಯಿತು. ತೂತಿನಾಚೆ ಹಗಲು.
ಇಷ್ಟೆಲ್ಲ ಮಾಡಿದ್ದು ಇದಕ್ಕೆ!
ನಕ್ಕಳೋ ಕೆಮ್ಮಿದಳೋ ಗೊತ್ತಾಗಲಿಲ್ಲ.
ಕಾರ್ಡ್ಲಾದ ಗುಜರಿಯಲ್ಲಿ ಹಳೆಯದೊಂದು ಸಿಕ್ಕೀತು,
ಹತ್ತೋ ಹದಿನೈದೋ ಯೂರೋ.

ಉಳಿದದ್ದು ಗುಂಬ, ಗಾಲಿ ಕೂರುವ ಜಾಗ.
ತಂತಿಬ್ರಷ್ಷು ಹಾಕಿ ತಿಕ್ಕಿದಳು, ಕೆಂಪು ಹುಡಿ ಮೂಗಿಗೇರುವವರೆಗೆ.
ಓಕ್ ತೊಗಟೆಯ ಕಷಾಯದಂಥ ದ್ರವ ಬಳಿದಳು.
ನೋಡನೋಡುತ್ತ ಕೆಂಪು ಕಪ್ಪಿಟ್ಟಿತು,
ಅಳಲೆಕಾಯಿಯ ನೀರಿಗೆ ಕಬ್ಬಿಣ ಬಿದ್ದು ಮಸಿಯಾಗುವ ಹಾಗೆ.
ತುಕ್ಕು ಹೋಗಲಿಲ್ಲ.
ತಿನ್ನುವುದನ್ನು ನಿಲ್ಲಿಸಿತು, ಅಷ್ಟೆ.

ಒಣಗಿದ ಮೇಲೆ ಕೀಲೆಣ್ಣೆ.
ತೆಳ್ಳಗೆ, ಸುತ್ತಲೂ, ಬೋಲ್ಟಿನ ಮರೆಗೆ ತಾಗದಂತೆ.
ಮುಂದಿನ ಸಲ ಬಿಚ್ಚುವವರು ಯಾರೋ.

ಬೆಂಚಿನ ಮೇಲೆ ಫೋನು ಮಿಣುಕಿತು: "ಬಂತಾ?"
ಎರಡೂ ಕೈ ಕಪ್ಪು.
ಸೋಪು ಎಲ್ಲಿಟ್ಟೆನೋ ಎಂದು
ಮೊಣಕೈಯಲ್ಲಿ ಡಬ್ಬಿಗಳನ್ನು ಸರಿಸುತ್ತಿದ್ದಾಳೆ.