ಮೊಣಕೈಯ ಮಾತು

ಮೊದಲು ಹೇಳಿದ್ದು ರೇಶಿಮಿ,
ಡಾಕ್ಟರಲ್ಲ.

ಎಳಿ ಹಚ್ಚುವಾಗ ಬೆರಳ ತುದಿಗೆ
ಸಿಕ್ಕು ಸಿಕ್ಕು ಹರೀತಿತ್ತು.
ನೂಲು ಖೋಟಿ ಅಂತ ಸಾವಕಾರನ ಕೂಡ
ಫೋನಿನ್ಯಾಗ ಜಗಳ ತಗದ್ರು ನಮ್ಮ ಮನಿಯವ್ರು.
ಕೈ ಹಿಡದು ನೋಡಿದೆ:
ತೊಗಲು ಗರಗಸದ ಹಲ್ಲು.
ನೂಲಿನ ತಪ್ಪಿಲ್ರಿ, ಅಂದೆ.
ಸಾವಕಾರಗ ಮಾತ್ರ ತಿರುಗಿ ಫೋನ್ ಮಾಡಲಿಲ್ಲ,
ಇವತ್ತಿಗೂ ಮಾಡಿಲ್ಲ.

ಬ್ಯಾಸಗ್ಯಾಗ ಗುಳೇದಗುಡ್ಡದ ಕಲ್ಲು ಕಾದು
ರಾತ್ರಿ ಹತ್ತಕ್ಕೂ ಗೋಡಿ ಬೆಚ್ಚಗ.
ಮಗ್ಗದ ಕುಣಿಯಾಗ ಕುಂತಾಂವ
ತೊಟ್ಟ ಬನಿಯನ್ ಹಿಂಡಬೇಕು, ಅಷ್ಟು ಬೆವರು.
ಪಾದ ಮಾತ್ರ ಬೆವರೂದು ಬಿಟ್ಟು ಮೂರು ವರ್ಷ.
ರಕ್ತದಾಗ ಅಷ್ಟು ಸಕ್ರಿ,
ಹಿಮ್ಮಡದಾಗ ಒಂದು ಹನಿ ಪಸಿ ಇಲ್ಲ.
ಇದು ಯಾವ ಲೆಕ್ಕದ ವ್ಯವಹಾರೋ ನಾ ಕಾಣೆ.

ಓಣಿ ತುಂಬ ವೈದ್ಯರು.
ಕ್ಯಾರಬೀಜ ಸುಟ್ಟು ಬಿರುಕಿಗೆ ಒತ್ತು, ಅಂದ ಒಬ್ಬ.
ಅವನ ಮುಖ ನೋಡಿ ಬಾಗಲಾ ಹಾಕಿದೆ.
ಸಾವಂತ್ರೆವ್ವ ಲೋಳಿಸರದ ಮರಿ ತಂದು
ನಮ್ಮ ಒಡಕ ಗಡಿಗ್ಯಾಗ ತಾನೇ ಹಚ್ಚಿ ಹೋದಳು.
ಹುಸೇನಬಿ
ಕುಸಬಿ ಎಣ್ಣ್ಯಾಗ ಜೇನುಮೇಣ ಕರಗಿಸಿ ಕೊಟ್ಟಳು.
ದುಡ್ಡು ಒಲ್ಲೆ ಅಂದಳು,
ಸ್ಟೀಲಿನ ಡಬ್ಬಿ, ಅದು ತವರಿಂದು,
ತಿರುಗಿ ಬೇಕು ಅಂದಳು.

ಒಂದಿನ ಎಣ್ಣಿ ಬಿಸಿ ಮಾಡಿ ಕೇಳಿದೆ,
ಸುಡತದೇನ್ರಿ?
ಇಲ್ಲ, ಇನ್ನಷ್ಟು ಕಾಸು.
ಕಾಸಿದೆ.
ಈಗ?
ಇನ್ನಷ್ಟು.

ಮುಂಜಾನೆ ನೋಡಿದ್ರ
ಶೇಂಗಾಕಾಳಿನಷ್ಟು ಬೊಬ್ಬಿ, ಒಂದಲ್ಲ, ನಾಕು.
ಅವ್ರಿಗೆ ಖಬರಿಲ್ಲ.
ಅದೇ ಕಾಲಲೆ ಮಣಿ ತುಳಕೋತ
ಖಣದ ಮ್ಯಾಲ ಆನಿಹೆಜ್ಜಿ ನೇಯತಿದ್ರು,
ಹೆಜ್ಜಿ ಮ್ಯಾಲ ಹೆಜ್ಜಿ, ಒಂದೂ ತಪ್ಪಿಲ್ಲ.

ಇಪ್ಪತ್ತೆರಡು ದಿನ ದವಾಖಾನಿ.
ಆ ಡಾಕ್ಟರ ಹುಡಿಗಿ ಬೈಲಿಲ್ಲ.
ಬೈದಿದ್ರ ಚಲೋ ಇತ್ತು.
ಗಾಯದ ಅರಿವಿ ಬಿಚ್ಚಕೋತ ಅಂದಳು:
ಗಾಯ ಮಾಯಲಿ, ಆ ಮ್ಯಾಲ ನಿಮ್ಮ ಲೋಳಿಸರ, ನಿಮ್ಮ ಎಣ್ಣಿ.
ಬಟ್ಟಿನ ಸಂದ್ಯಾಗ ಹಚ್ಚಬ್ಯಾಡ್ರಿ, ಒಣಗಿರಲಿ.
ಗುಳಿಗಿ ತಪ್ಪಿಸಬ್ಯಾಡ್ರಿ.
ಮತ್ತ ಬಿಸಿ ಐತೋ ಇಲ್ಲೋ ಅಂತ
ಈ ಕಾಲನ್ನ ಎಂದೂ ಕೇಳಬ್ಯಾಡ್ರಿ.

ಹಂಗಾರ ಯಾರನ್ನ ಕೇಳಲಿ?

ಬಸ್ಸಿನ್ಯಾಗ ಬರುವಾಗ ನೆಪ್ಪಾತು.
ಚೊಚ್ಚಲ ಕೂಸಿಗೆ ಎರಿಯೂ ದಿನ
ನಮ್ಮತ್ತಿ ನನ್ನ ಅಂಗೈ ಸರಿಸಿ ಅಂದಿದ್ದರು,
ಅಂಗೈ ದುಡದು ದುಡದು ಜಡ್ಡುಗಟ್ಟೇತಿ,
ಮೊಣಕೈ ಅದ್ದು, ಅದಕ್ಕ ಸುಳ್ಳು ಬರೂದಿಲ್ಲ.
ಆ ಕೂಸಿನ ಅಪ್ಪಗೂ ಈಗ ಅದೇ ನ್ಯಾಯ.

ದಿನಾ ರಾತ್ರಿ ಮಗ್ಗ ನಿಂತ ಮ್ಯಾಲ
ಉಗುರಬೆಚ್ಚಗ ನೀರು, ಮೊದಲು ನನ್ನ ಮೊಣಕೈ.
ಹಳೇ ಖಣದ ತುಂಡಲೆ ಬಟ್ಟು ಬಟ್ಟು ಒರಸತೀನಿ.
ಲೋಳಿಸರ ಕೊಯ್ದು, ಹಳದಿ ಹಾಲು ಇಳಿಯೂತನ
ಗ್ವಾಡಿಗೆ ಆನಿಸಿ ಇಟ್ಟಿರತೀನಿ,
ಆ ಮ್ಯಾಲ ತೊಳದ ತಿರುಳು, ಆ ಮ್ಯಾಲ ಎಣ್ಣಿ, ತಣ್ಣಂದು.
ಪಾದ ತೊಡಿ ಮ್ಯಾಲ ಇಟಗೊಂಡು
ಬೆಳಕಿಗೆ ಹೊಳ್ಳಿಸಿ ನೋಡತೀನಿ,
ಮಾರುವ ಮುಂಚೆ ಖಣದ ಹಿಂಬದಿಗೆ
ಹರದ ಎಳಿ ಹುಡುಕಿದ ಹಂಗ.

ಮೊದಮೊದಲು ಬಾಗಲಾ ಮುಂದೂಡು ಅಂತಿದ್ರು.
ಗಂಡಸಿನ ಕಾಲು ಹಿಂಗ ಹೆಂಡತಿ ತೊಡಿ ಮ್ಯಾಲ,
ಯಾರರ ನೋಡ್ಯಾರು.
ಈಗ ಬಾಗಲಾ ತೆರದೇ ಇರತದ.
ಲಾಳಿ ಕತಿ, ಬಣ್ಣದ ರೇಟು,
ಬಾಯಿಗೆ ಬಂದದ್ದು ಮಾತಾಡತಾರ.

ರೇಶಿಮಿ ಈಗೀಗ ಸಿಕ್ಕೂದು ಕಡಿಮಿ,
ಪೂರಾ ನಿಂತಿಲ್ಲ.

ತಣ್ಣಗಾತೇನ್ರಿ? ಅಂತೀನಿ.
ಹೂಂ, ಅಂತಾರ.
ಪಾದಕ್ಕ ತಿಳಿಯೂದಿಲ್ಲಂತ ನನಗ ಗೊತ್ತು.
ನನಗ ಗೊತ್ತಂತ ಅವ್ರಿಗೂ ಗೊತ್ತು.
ಆದ್ರೂ ಕೇಳತೀನಿ. ಆದ್ರೂ ಹೂಂ.

ಹುಸೇನಬಿ ಡಬ್ಬಿ ಇನ್ನೂ ನಮ್ಮ ಮನ್ಯಾಗೇ ಐತಿ.