ಇಪ್ಪತ್ತೈದು ಕಿಲೋ

ಮಧ್ಯಾಹ್ನ ಎರಡು ಹತ್ತಕ್ಕೆ ಕಂಪ್ರೆಸರ್ ಉಸಿರು ಬಿಟ್ಟಿತು.
ಲೆಡ್ಜರಿನಲ್ಲಿ ಬರೆದೆ: ಕರೆಂಟ್ ಇಲ್ಲ.
ಈ ತಿಂಗಳು ಹನ್ನೊಂದನೇ ಸಲ ಅದೇ ಎರಡು ಪದ,
ಹನ್ನೊಂದನೇ ಸಲ ಶೋಫಿಕುಲ್ ಗೋಣಿ ಒದ್ದೆ ಮಾಡಿ
ಅರೆಗಟ್ಟಿದ ಗಡ್ಡೆಗಳ ಮೇಲೆ ಹೊದಿಸಿದ.

ಶಿನಾಸಿನ ದಕ್ಕೆಯಲ್ಲಿ ಐಸ್ ಎಂದರೆ ನಾನು.
ಗಂಗೊಳ್ಳಿಯಲ್ಲಿ ಕಲಿತ ಕೆಲಸ:
ಉಪ್ಪುನೀರಿನ ತೊಟ್ಟಿ, ತಗಡಿನ ಅಚ್ಚು, ಅಮೋನಿಯಾದ ಘಾಟು.
ಹತ್ತೊಂಬತ್ತು ವರ್ಷದಿಂದ ಇಲ್ಲಿ
ಕಾದ ಹಂಚಿನಂಥ ನೆಲದ ಮೇಲೆ ನಿಂತು ಚಳಿ ಮಾರುತ್ತೇನೆ.

ಹೆದ್ದಾರಿಯಾಚೆ ಎದ್ದಿದೆ ಕಿಟಕಿಯಿಲ್ಲದ ಕಟ್ಟಡ.
ಒಳಗೆ ಯಾರ ವಾಸವೂ ಇಲ್ಲ,
ಆದರೂ ಅದಕ್ಕೆ ಸೆಕೆಯಾಗಕೂಡದು.
ಹಗಲೂ ರಾತ್ರಿಯೂ ಮಾಡಿನ ಫ್ಯಾನುಗಳ ಸದ್ದು,
ದೊಡ್ಡ ಬೋಟೊಂದು ಎಂಜಿನ್ ಓಡಿಸುತ್ತ
ದಡ ಬಿಡಲಾರದೆ ನಿಂತ ಹಾಗೆ.

ಅಲ್ಲಿ ಏನು ಹಿಡಿಯುತ್ತಾರೆ, ಕೇಳಿದ ಖಲ್ಫಾನ್.
ಲೆಕ್ಕ, ಎಂದೆ. ಚಿತ್ರ. ಜನರ ಮಾತು.
ಕೊಳೆಯುತ್ತದೆಯೇ?
ಬಿಸಿಯಾದರೆ ಕೆಡುತ್ತದಂತೆ.
ಹಾಗಾದರೆ ಅದೂ ಮೀನೇ ಬಿಡು, ಎಂದು ನಕ್ಕ.

ಆ ನಗು ಅಂಜಲ್ ಸುಗ್ಗಿಯವರೆಗೂ ಬಾಳಲಿಲ್ಲ.
ಸರ್ವೆಯವರು ಬಂದು ಜುವೈನಾಳ ಖರ್ಜೂರದ ತೋಟದಲ್ಲಿ
ಏಳು ಕೆಂಪು ಬಾವುಟ ನೆಟ್ಟರು,
ದೋಣಿ ಎಳೆಯುವ ಜಾಗದಲ್ಲಿ ಎರಡು.
ತಂತಿ ನಮ್ಮ ತಲೆಯ ಮೇಲಿಂದ ಹೋಗುತ್ತದೆ,
ನಮ್ಮ ಮನೆಗೆ ಇಳಿಯುವುದಿಲ್ಲ.

ಊರ ಸಬ್ಲಾದಲ್ಲಿ ಸಭೆ ಕರೆದರು.
ಆ ಬೆಳಿಗ್ಗೆ ಜುವೈನಾ ಪ್ಲಾಂಟಿಗೆ ಬಂದು
ಒಂದು ಗಡ್ಡೆ, ಇಡೀದು, ಎಂದಳು.
ದುಡ್ಡು ಬೇಡವೆಂದರೂ ಎಣಿಸಿ ಕೊಟ್ಟಳು,
ರಸೀದಿ ಕೇಳಿ ಬರೆಸಿಕೊಂಡಳು.

ಕಂಪನಿಯವರು ಮೇಜಿನ ಮೇಲೆ ನಕ್ಷೆ ಬಿಡಿಸಿದ್ದರು.
ಅದರ ಮೇಲೆಯೇ ಇಡು, ಎಂದಳು.
ಇಟ್ಟೆ. ಇಪ್ಪತ್ತೈದು ಕಿಲೋ.
ಇದು ಕರಗುವ ತನಕ ನೀವು ಮಾತಾಡಿ,
ಆಮೇಲೆ ನಾವು.

ಅವರು ಜನರೇಟರ್ ತಂದಿದ್ದರು, ಏಸಿ ಜೋರಾಗಿತ್ತು.
ಗಡ್ಡೆ ಅಲುಗಲಿಲ್ಲ. ಮಾತೂ ಮುಗಿಯಲಿಲ್ಲ:
ಮೆಗಾವಾಟು, ಭವಿಷ್ಯ, ಊರ ಹುಡುಗರಿಗೆ ಕೆಲಸ
(ಎಷ್ಟು ಎಂದರೆ, ಗೇಟಿನಲ್ಲಿ ನಾಲ್ಕು).
ಮೂರನೇ ಸಲ ಕಾಫಿ ಸುತ್ತಿದಾಗ ಖಲ್ಫಾನ್ ಎದ್ದು
ಸುಮ್ಮನೆ ಬಾಗಿಲು ತೆರೆದಿಟ್ಟ.

ಊರಿನ ಬಿಸಿಲು ಒಳಗೆ ಬಂದು ಕೂತಿತು.
ಟೈಗಳು ಸಡಿಲವಾದವು.
ನೀರು ಹನಿದು, ಹರಿದು, ತಂತಿಯ ನೀಲಿ ಗೆರೆ ಅಳಿಸಿ
ಎಂಜಿನಿಯರನ ಬೂಟಿಗೆ ಇಳಿಯಿತು.
ಯಾರೂ ಕೂಗಲಿಲ್ಲ.

ನಾನು ಹೊಸ್ತಿಲಾಚೆ ನಿಂತಿದ್ದೆ.
ವೀಸಾದವನಿಗೆ ಅರ್ಜಿಯಲ್ಲಿ ಸಹಿಯಿಲ್ಲ, ಸಭೆಯಲ್ಲಿ ಬಾಯಿಲ್ಲ;
ಟ್ರಾಲಿ ತಳ್ಳುವುದು, ಗೋಣಿ ಮಡಿಸಿ ಒಯ್ಯುವುದು.
ಆದರೆ ಒಳಗೊಳಗೇ ಬಿರಿಯುವಾಗ ಐಸು
ಟಿಕ್ಕೆಂದು ಸದ್ದು ಮಾಡುತ್ತದಲ್ಲ,
ಪ್ರತಿ ಸಲವೂ ಒಬ್ಬರಾದರೂ ಮಾತು ನಿಲ್ಲಿಸಿ ತಿರುಗಿದರು.
ಅಷ್ಟು ನನ್ನದು.

ಮೂರು ವಾರಕ್ಕೆ ಬಾವುಟಗಳು ತೋಟದಿಂದ ಎದ್ದವು.
ಎಲ್ಲಿಗೆ ಹೋದವೆಂದು ಆ ರಾತ್ರಿ ಯಾರೂ ಕೇಳಲಿಲ್ಲ,
ಹಲ್ವಾ ಹಂಚಿದರು, ನಾನೂ ತಿಂದೆ.
ಪ್ಲಾಂಟಿಗೆ ಬೇರೆ ಲೈನು: ಪರಿಶೀಲನೆಯಲ್ಲಿದೆ.

ನಿನ್ನೆ ಗುಡ್ಡದ ಕಡೆಯಿಂದ ಒಂದು ಪಿಕಪ್ ಬಂತು,
ಹಿಂದೆ ಆಡಿನ ಹಿಕ್ಕೆ, ಒಂದು ಹರಿದ ಕಂಬಳಿ.
ಮೀನು ಮಾರುವವನಲ್ಲ.
ಗಡ್ಡೆಗೆ ಎಷ್ಟು, ಎಂದ. ದೊಡ್ಡದಕ್ಕೆ.
ಅವನ ಡ್ಯಾಶ್‌ಬೋರ್ಡಿನ ಮೇಲೆ
ಕಿತ್ತು ತಂದ ಕೆಂಪು ಬಾವುಟವೊಂದು ಬಿದ್ದಿತ್ತು.

ಗುಡ್ಡದವರೆಗೆ ಉಳಿಯುವುದಿಲ್ಲ, ಎಂದೆ,
ದಾರಿಯಲ್ಲೇ ಅರ್ಧ ನೀರಾದೀತು.

ಹಾಗಾದರೆ ಎರಡು ಕೊಡು, ಎಂದ.

ಗೋಡೆಯ ಗಡಿಯಾರ ನೋಡಿದೆ.
ಎರಡು ಗಂಟೆ ಐದು ನಿಮಿಷ.