ಶ್ರೀಮತಿ ಚುಕ್ಕಿ

ಪೆಡಾನಿನ ನೇಕಾರರ ಸಂಘದಲ್ಲಿ
ಕಂಪ್ಯೂಟರ್ ಮುಟ್ಟುವವಳು ನಾನೊಬ್ಬಳೇ.
ಉಳಿದವರ ಕೈಗೆ ನೀಲಿಬಣ್ಣ, ಗಂಜಿ, ಮಗ್ಗದೆಣ್ಣೆ;
ನನ್ನ ಕೈಗೆ ಈ ಇಮೇಲಿನ ವಿಳಾಸಪುಸ್ತಕ.
ಪುಸ್ತಕ ಅನ್ನುವುದು ಬರೀ ಉಪಚಾರಕ್ಕೆ,
ಮೂಲೆ ಮಡಚಿ ಗುರುತಿಡಲೂ ಬಿಡದು.

ವಾಗಿಯೆಂ, ಅಂತ ಬರೆದೆ.
ಅಡ್ಡಹೆಸರು? ಅಂದಿತು, ಕೆಂಪು ನಕ್ಷತ್ರ ತೋರಿಸಿ.
ಇಲ್ಲ ಮಾರಾಯ.
ಉದ್ದೆಳೆಗೆ ಅಡ್ಡೆಳೆ ಬೇಕು, ಒಪ್ಪಿದೆ, ಅದು ಬಟ್ಟೆಗೆ.
ಜಾವಾದಲ್ಲಿ ನಮಗೆ ಐದು ದಿನದ ಸಂತೆವಾರ:
ವಾಗೆಯ ದಿನ ಹುಟ್ಟಿದಳು, ವಾಗಿಯೆಂ ಆದಳು,
ಪೋನ್ ದಿನ ಹುಟ್ಟಿದರೆ ಪೊನಿರಾ.
ಅಪ್ಪನ ಹೆಸರು ಅಪ್ಪನಿಗೇ ಸರಿಹೋಗಿತ್ತು,
ಯಾರೂ ಅದನ್ನು ಬಿಚ್ಚಿ ಮಗಳ ಬೆನ್ನಿಗೆ ಹೊಲಿಯಲಿಲ್ಲ.
ಕಡ್ಡಾಯ, ಅಂದಿತು.

ಹೋಗಲಿ ಅಂತ ಒಂದು ಚುಕ್ಕಿ ಇಟ್ಟೆ.
ಒಪ್ಪಿತು!
ಇಷ್ಟು ಹೊತ್ತು ಮಾತಿಗೆ ಬಗ್ಗದ್ದು ಚುಕ್ಕಿಗೆ ಬಗ್ಗಿತು.
ನೇಕಾರರ ಪಟ್ಟಿ ಕೇಳಿದ್ದರು, ಕಳಿಸಿದೆ.
ಮೂರು ವಾರಕ್ಕೆ ಬ್ರೆಮೆನ್ನಿನಿಂದ ಪತ್ರ:
“ಪ್ರಿಯ ಶ್ರೀಮತಿ ಚುಕ್ಕಿಯವರೇ,
ನಿಮ್ಮ ಲುರಿಕ್ ಪಟ್ಟೆಬಟ್ಟೆ ನಮ್ಮ ಗಿರಾಕಿಗಳಿಗೆ ಹಿಡಿಸಿದೆ.”
ಮಗ್ಗದ ಮನೆ ಬಿದ್ದು ಬಿದ್ದು ನಕ್ಕಿತು.
ಇವತ್ತಿಗೂ ವಾಗಿಯೆಂ ಚಹಾ ಕೇಳಿದರೆ
ಚುಕ್ಕಿಯಮ್ಮನಿಗೆ ಸಕ್ಕರೆ ಎಷ್ಟು ಅನ್ನುತ್ತಾರೆ.

ನಾಚಿಕೆಯಾಗಿ ಚುಕ್ಕಿ ಅಳಿಸಿದೆ.
ಹೆಸರನ್ನೇ ಎರಡು ಸಲ ಬರೆದೆ:
ವಾಗಿಯೆಂ ವಾಗಿಯೆಂ.
ಪೊನಿರಾ ಪೊನಿರಾ.
ಗದ್ದೆಯಾಚೆ ನಿಂತವರನ್ನು ಊಟಕ್ಕೆ ಕೂಗಿದ ಹಾಗೆ.

ಆಮೇಲೊಂದು ಬೆಳಗ್ಗೆ ಅದಕ್ಕೇ ಅನುಮಾನ ಹುಟ್ಟಿತು:
“ಒಂದೇ ಥರದ ನಮೂದುಗಳಿವೆ. ಸೇರಿಸಲೇ?”
ನನಗೆ ಜ್ವರ. ಹೂಂ ಅಂದುಬಿಟ್ಟೆ.
ನೂಲು ಸುತ್ತುವ ವಾಗಿಯೆಂ, ಬಣ್ಣ ಅದ್ದುವ ವಾಗಿಯೆಂ,
ಹೋದ ವರ್ಷ ಮಣ್ಣಾದ ವಾಗಿಯೆಂ,
ಮೂವರೂ ಒಬ್ಬಳಾದರು.
ಒಂದು ಮುಖ, ನಾಲ್ಕು ಫೋನು, ಎರಡು ಹುಟ್ಟುಹಬ್ಬ.
ಬಣ್ಣದವಳ ಕೂಲಿಯ ಲೆಕ್ಕ
ಸತ್ತವಳ ಅಳಿಯನ ಇಮೇಲಿಗೆ ಹೋಗಿ ಕೂತಿತು.
ಅವನು ಬಂದ. ಹೆಲ್ಮೆಟ್ ಕೈಯಲ್ಲೇ ಇತ್ತು.
ಬಾಗಿಲಲ್ಲಿ ನಿಂತು ಕೇಳಿದ:
ಅತ್ತೆ ಇನ್ನೂ ಅರ್ಧ ದಿನದ ಕೆಲಸಕ್ಕೆ ಬರ್ತಾರಾ?

ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ.
ಸೇರಿಸಲು ಗುಂಡಿ ಇತ್ತು, ಬಿಡಿಸಲು ಇರಲಿಲ್ಲ.
ನೂಲಿನ ಸಿಕ್ಕಾಗಿದ್ದರೆ ಹಲ್ಲಲ್ಲಿ ಕಚ್ಚಿಯಾದರೂ ಬಿಡಿಸುತ್ತಿದ್ದೆ.
ಸತ್ತವಳ ಸಾಲನ್ನು ಅಳಿಸಿದೆ. ಮಧ್ಯಾಹ್ನ
‘ವಾ’ ಅಂತ ಒತ್ತುವಷ್ಟರಲ್ಲಿ
ಅವಳೇ ಮೊದಲು ಬಂದು ನಿಂತಳು.
ಬದುಕಿದ್ದಾಗಲೂ ಹಾಗೇ, ಎಲ್ಲರಿಗಿಂತ ಮುಂಚೆ ಬಂದು
ಬೀಗ ತೆಗೆಯುವವರಿಗಾಗಿ ಕಾಯುತ್ತಿದ್ದಳು.

ಮತ್ತೆ ಮೊದಲಿನಿಂದ. ಒಬ್ಬೊಬ್ಬರನ್ನೇ ಕೇಳುತ್ತಾ
ಪೊನಿರಾ ಅಜ್ಜಿಯ ಮಗ್ಗದ ಹತ್ತಿರ ಕೂತೆ.
ಮೊದಲ ಹೆಸರು ಬೇಕಂತೆ ಅಜ್ಜಿ, ಕೊನೆಯ ಹೆಸರು ಬೇಕಂತೆ.
ಲಾಳಿ ನಿಲ್ಲಿಸದೆ ಅಂದಳು:
“ಮೊದಲದು ಸುಲಾಸ್ತ್ರಿ. ಅದಿದ್ದಷ್ಟು ದಿನ ಬರೀ ಜ್ವರ,
ಕೂಸಿಗೆ ಹೆಸರು ಭಾರವಾಯಿತು ಅಂತ ಇಳಿಸಿ
ಪೊನಿರಾ ಇಟ್ಟರು. ಹಗುರಾದೆ.
ಮದುವೆಯಲ್ಲಿ ಇನ್ನೊಂದು ಕೊಟ್ಟರು,
ಅದು ಗಂಡನ ಜೊತೆಗೇ ಹೋಯಿತು.
ಕೊನೆಯದು ನನಗೇನು ಗೊತ್ತು ಮಗಳೇ,
ಇನ್ನೂ ಇಟ್ಟಿಲ್ಲವಲ್ಲ.”

ಚೌಕದಲ್ಲಿ ಹಾಗೇ ಬರೆದೆ: ಪೊನಿರಾ ದುರುಂಗ್.
ದುರುಂಗ್ ಅಂದರೆ ನಮ್ಮಲ್ಲಿ ‘ಇನ್ನೂ ಇಲ್ಲ’.
ನಕ್ಷತ್ರ ಆರಿತು.
ವಾಗಿಯೆಂ ದುರುಂಗ್, ಪಾಯಿನಿ ದುರುಂಗ್, ಲೆಗಿಯೆಂ ದುರುಂಗ್,
ಮೂವತ್ತೊಂದು ಮಂದಿ.
ಬ್ರೆಮೆನ್ನಿನವರು
ದೊಡ್ಡ ಮನೆತನ ಅಂದುಕೊಳ್ಳಲಿ.